ದೂಮಣ್ಣನ ಮೂರು ವೇಷದ ಸೀರೆ

ಪೊದೆಮೀಸೆಯ ಗಂಡಸೊಬ್ಬ ಹಾಡಹಗಲಲ್ಲಿ ಸೀರೆ ಉಟ್ಟುಕೊಂಡು ಅಂಗಡಿಯೊಳಗೆ ಅತ್ತಿಂದಿತ್ತ ನಡೆಯುವುದನ್ನು ನಾನು ಮೊದಲು ಕಂಡದ್ದು ಪುತ್ತೂರು ಪೇಟೆಯಲ್ಲಿ. ನನಗಾಗ ಹದಿಮೂರು. ಅಮ್ಮನ ಜೊತೆ ಅಂಗಡಿಯ ಮೆಟ್ಟಿಲು ಹತ್ತಿದವಳು ಅಲ್ಲೇ ಕಂಬವಾಗಿ ನಿಂತೆ. ಆ ಮನುಷ್ಯನಿಗೆ ನಮ್ಮನ್ನು ಕಂಡು ನಾಚಿಕೆಯೂ ಆಗಲಿಲ್ಲ, ಗಡಿಬಿಡಿಯೂ ಆಗಲಿಲ್ಲ. ಬೆಂಚಿನ ಮೇಲೆ ಹತ್ತಿದರು, ಇಳಿದರು, ಕುಕ್ಕರಗಾಲಲ್ಲಿ ಕೂತು ಎದ್ದರು. ಸೊಂಟದ ಹತ್ತಿರ ಬಟ್ಟೆ ಚಿವುಟಿ ಹಿಡಿದು, "ಇಲ್ಲಿ ಎಳೀತದೆ, ಇಲ್ಲಿಯೇ ಎಳೀತದೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಅಮ್ಮನ ಕಡೆ ತಿರುಗಿ, "ಬನ್ನಿ ಅಕ್ಕ, ಕೂತ್ಕೊಳ್ಳಿ. ಇದೊಂದನ್ನು ಬಿಚ್ಚಿ ಬರ್ತೇನೆ" ಎಂದರು.

ಅವರೇ ಟೈಲರ್ ದೂಮಣ್ಣ. ಊರು ಕಡಬದ ಹತ್ತಿರ ಕೋಡಿಂಬಾಳ. ಮೀಸೆ ಚಿಗುರುವ ವಯಸ್ಸಿಗೆ ಯಕ್ಷಗಾನ ಮೇಳ ಸೇರಿ, ಇಪ್ಪತ್ತು ವರ್ಷ ಹೆಣ್ಣಿನ ವೇಷ ಹಾಕಿ ಕುಣಿದವರು. ಕೊನೆಗೆ ಹೊಟ್ಟೆ ಬಂತು, ಮೇಳ ಬಿಟ್ಟರು. "ಹೊಟ್ಟೆ ಬಂದ ರಾಣಿಯನ್ನು ಯಾವ ರಾಜ ಕಾಡಿಗೆ ಕಳಿಸ್ತಾನೆ ಮಾರಾಯ್ರೆ? ಅಡುಗೆಮನೆಗೆ ಕಳಿಸ್ತಾನೆ ಅಷ್ಟೆ!" ಎಂದು ಅವರೇ ನಗುತ್ತಿದ್ದರು. ಮೇಳ ಬಿಟ್ಟ ದಿನದಿಂದಲೇ ಮೀಸೆ ಬಿಟ್ಟರಂತೆ, ಇಪ್ಪತ್ತು ವರ್ಷ ಬೋಳಿಸಿದ ಸಿಟ್ಟಿಗೆ. ಆಮೇಲೆ ಒಂದು ಹೊಲಿಗೆ ಮಿಷನ್ ಇಟ್ಟು ಹೆಂಗಸರ ಬಟ್ಟೆ ಮಾತ್ರ ಹೊಲಿಯತೊಡಗಿದರು. ಪೇಟೆಯ ಅಂಗಿ ಚಡ್ಡಿ ಹೊಲಿಯುವ ಟೈಲರುಗಳು ಅವರನ್ನು "ರಾಣಿಯವರೇ" ಎಂದು ಕರೆದು ಕಿಚಾಯಿಸುತ್ತಿದ್ದರು. ದೂಮಣ್ಣನಿಗೆ ಲೆಕ್ಕವೇ ಇಲ್ಲ. "ಅವರಲ್ಲಿ ಒಬ್ಬನಾದ್ರೂ ಸೀರೆ ಉಟ್ಟು ಗಿರಕಿ ಹೊಡೆದಿದ್ದಾನಾ ಕೇಳಿ. ಸೀರೆಯ ಕಷ್ಟ ಉಟ್ಟವನಿಗೆ ಗೊತ್ತು."

ಅಳತೆ ತೆಗೆಯುವುದರಲ್ಲೂ ಅವರ ದಾರಿ ಬೇರೆ. ಟೇಪು ಕೊರಳಲ್ಲಿ ಹಾವಿನ ಹಾಗೆ ನೇತಾಡುತ್ತಿದ್ದರೂ ಮೊದಲು ಅದನ್ನು ಮುಟ್ಟುತ್ತಿರಲಿಲ್ಲ. "ನಡೆದು ತೋರ್ಸು" ಎನ್ನುತ್ತಿದ್ದರು. ನಡೆಯಬೇಕು, ಬಗ್ಗಬೇಕು, ಇಲ್ಲದ ಕೊಡವನ್ನು ಸೊಂಟಕ್ಕೆ ಎತ್ತಿಕೊಳ್ಳಬೇಕು. "ನಿಂತವಳಿಗೆ ಬಟ್ಟೆ ಯಾರು ಬೇಕಾದ್ರೂ ಹೊಲೀತಾರೆ. ಹೆಂಗಸು ಎಲ್ಲಿ ನಿಲ್ತಾಳೆ ಹೇಳಿ? ಇಡೀ ದಿನ ಓಡುದೇ."

ನಾವು ಅಲ್ಲಿಗೆ ಹೋದದ್ದು ಬರೀ ರವಿಕೆಗೆ. ಆದರೆ ನನ್ನ ಮುಖ ಅತ್ತು ಅತ್ತು ಊದಿಕೊಂಡಿತ್ತು. ದೂಮಣ್ಣ ಅದನ್ನು ನೋಡಿ, "ಬಟ್ಟೆ ಹೊಲಿಸ್ಲಿಕ್ಕೆ ಬಂದವಳು ಅಳುದು ಎಂತಕ್ಕೆ?" ಎಂದು ಕೇಳಿದರು. ಅಮ್ಮ ಎಲ್ಲವನ್ನೂ ಹೇಳಿಬಿಟ್ಟಳು.

ಸಂಗತಿ ಇಷ್ಟು. ನಮ್ಮ ಮನೆಯಿಂದ ಪುತ್ತೂರಿನ ಹೈಸ್ಕೂಲಿಗೆ ಮೂರು ಮೈಲಿ, ನಡುವೆ ಮೊಣಕಾಲುದ್ದ ನೀರಿನ ಹೊಳೆ. ಲಂಗ ಎತ್ತಿ ಕಟ್ಟಿ ದಿನಾ ದಾಟುತ್ತಿದ್ದೆ. ಆ ವರ್ಷ ನಾನು ದೊಡ್ಡವಳಾದೆ. ಅಜ್ಜಿ ಅಂಗಳದಲ್ಲಿ ನಿಂತು, "ಇನ್ನು ಸೀರೆ ಉಡದೆ ಈ ಅಂಗಳ ದಾಟ್ಲಿಕ್ಕಿಲ್ಲ" ಎಂದು ಅಪ್ಪಣೆ ಮಾಡಿದರು. ಸೀರೆ ಉಟ್ಟು ಹೋದ ಮೂರನೆಯ ದಿನ ನಡುಹೊಳೆಯಲ್ಲಿ ನೆರಿಗೆ ಕಳಚಿ ಕಾಲಿಗೆ ಸಿಕ್ಕಿತು. ನಾನು ದೊಪ್ಪನೆ ಬಿದ್ದೆ, ಬೀಜಗಣಿತದ ಪುಸ್ತಕ ತೇಲಿಕೊಂಡು ಹೋಯಿತು. ಮತ್ತೆ ಎರಡು ಸಲ ಬಿದ್ದೆ. ಅಪ್ಪ ಕೆಟ್ಟವರಲ್ಲ, ಆದರೆ ಅಜ್ಜಿಯ ಮಾತಿಗೆ ಎದುರಾಡುವವರೂ ಅಲ್ಲ. "ಸೀರೆ ಉಟ್ಟು ಹೊಳೆ ದಾಟ್ಲಿಕ್ಕೆ ಆಗುದಿಲ್ಲ. ಸೀರೆ ಉಡದೆ ಮನೆ ದಾಟ್ಲಿಕ್ಕೆ ಅಮ್ಮ ಬಿಡುದಿಲ್ಲ. ಶಾಲೆ ಸಾಕು" ಎಂದುಬಿಟ್ಟರು. ನಮ್ಮ ಊರಿನಿಂದ ಒಬ್ಬ ಹುಡುಗಿಯೂ ಎಸ್ಸೆಸ್ಸೆಲ್ಸಿ ಮುಟ್ಟಿರಲಿಲ್ಲ. ನನಗೋ ಟೀಚರ್ ಆಗುವ ಹುಚ್ಚು. ಹಟ್ಟಿಯ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ದನಗಳಿಗೆ ಪಾಠ ಹೇಳುತ್ತಿದ್ದವಳು ನಾನು.

ಅಮ್ಮ ಮಾತು ಮುಗಿಸುವ ಮೊದಲೇ ದೂಮಣ್ಣ ಕೂತಲ್ಲಿಂದ ಹಾರಿ ಎದ್ದರು. "ಒಂದು ಸೀರೆ, ಮೂರು ವೇಷ!" ಎಂದು ಕೂಗಿ ತೊಡೆ ತಟ್ಟಿದರು. ಎದುರಿನ ಅಂಗಡಿಯವರು ಕತ್ತು ಚಾಚಿ ನೋಡಿದರು. "ಅಕ್ಕ, ಕೇಳಿ. ಮೇಳದಲ್ಲಿ ಒಂದು ಆಟಕ್ಕೆ ರಾಣಿಯೂ ನಾನೇ, ದಾಸಿಯೂ ನಾನೇ. ಚೌಕಿಗೆ ಹೋಗಿ ವೇಷ ಬದಲಾಯಿಸಿ ಬರ್ಲಿಕ್ಕೆ ಒಂದು ಬಾಯಿ ಎಲೆ ಅಡಿಕೆ ಹಾಕುವಷ್ಟು ಹೊತ್ತಿಲ್ಲ. ಅಷ್ಟುದ್ದದ ಸೀರೆ ಬಿಚ್ಚಿ ಉಡುದು ಯಾವಾಗ? ನಾನು ನೆರಿಗೆಯನ್ನೇ ಹೊಲಿದು ಇಟ್ಟೆ. ಕೊಕ್ಕೆ ಹಾಕಿದ್ರೆ ರಾಣಿ, ತೆಗೆದ್ರೆ ದಾಸಿ. ಇವಳಿಗೂ ಅದೇ ಆಗಬೇಕಾದ್ದು!"

ಅಲ್ಲೇ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು ತೋರಿಸಿದರು. ಸೀರೆಯನ್ನು ಎರಡು ತುಂಡು ಮಾಡುವುದು. ಕೆಳಗಿನದು ನೆರಿಗೆ ಹೊಲಿದ ಲಂಗ, ಮೇಲಿನದು ಸೆರಗು, ಎರಡನ್ನೂ ಸೊಂಟದ ಎಡಗಡೆ ಕೊಕ್ಕೆಗಳಿಂದ ಸೇರಿಸುವುದು. ಮನೆಯಲ್ಲಿ ಅದು ಸೀರೆ. ಲಂಗದ ಒಳಗೆ ಎರಡೂ ಕಡೆ ಲಾಡಿ. ಹೊಳೆಯ ಹತ್ತಿರ ಲಾಡಿ ಎಳೆದರೆ ಬಟ್ಟೆ ಕಿಟಕಿಯ ಪರದೆಯ ಹಾಗೆ ಮೊಣಕಾಲಿನ ಮೇಲೆ ಹೋಗುತ್ತದೆ. ದಾಟಿದ ಮೇಲೆ ಕೊಕ್ಕೆ ಬಿಚ್ಚಿ ಸೆರಗನ್ನು ಮಡಚಿ ಹಾಕಿಕೊಂಡರೆ ಲಂಗ ದಾವಣಿ, ಶಾಲೆಯಲ್ಲಿ ಓಡಬಹುದು, ಹಾರಬಹುದು. ಅದರ ಮೇಲೆ ಬಲಗಡೆ ಒಂದು ಕಿಸೆ. "ರಾಣಿಗೆ ಕಿಸೆ ಬೇಡ, ಅವಳಿಗೆ ದಾಸಿ ಇದ್ದಾಳೆ. ನಿನಗೆ ಯಾರಿದ್ದಾರೆ? ಪೆನ್ಸಿಲು ನೀನೇ ಇಟ್ಕೊಳ್ಬೇಕು" ಎಂದರು. ನನಗೆ ಅಳು ಎಲ್ಲಿ ಹೋಯಿತೋ ಗೊತ್ತಿಲ್ಲ. ಕಿಸೆಯ ಮಾತು ಕೇಳಿಯೇ ನಾನು ಕುಣಿದಾಡಿದೆ.

ಎಂಟು ದಿನದಲ್ಲಿ ಕಾಗದದಲ್ಲಿ ಸುತ್ತಿದ ಕಟ್ಟು ಮನೆಗೆ ಬಂತು. ಮರುದಿನ ಬೆಳಿಗ್ಗೆ, ಅಮ್ಮ ಹಟ್ಟಿಯಲ್ಲಿದ್ದಾಗ, ಕತ್ತಲೆ ಕೋಣೆಯಲ್ಲಿ ನಾನೇ ಉಟ್ಟುಕೊಂಡೆ. ಒಂದು, ಎರಡು, ಮೂರು ಕೊಕ್ಕೆ, ಮುಗಿಯಿತು! ಅಂಗಳಕ್ಕೆ ಬಂದಾಗ ಅಜ್ಜಿ ತುಳಸಿಕಟ್ಟೆಯ ಹತ್ತಿರ ನಿಂತಿದ್ದರು. ಕೆಂಪು ಸೀರೆ, ಹಸಿರು ಅಂಚು, ಅಂಚಿನ ತುಂಬ ಮಿರಿಮಿರಿ ಜರಿ. "ಅಬ್ಬ! ಈಗ ನೆರಿಗೆ ಹಿಡೀಲಿಕ್ಕೆ ಬಂತು ನೋಡು ಹೆಣ್ಣಿಗೆ" ಎಂದು ಅಜ್ಜಿಯ ಮುಖ ಅರಳಿತು. ನಾನು ಚೀಲ ಹೆಗಲಿಗೇರಿಸಿ ಜಂಬದಿಂದ ತಿರುಗಿ ಹೊರಟೆ.

"ನಿಲ್ಲು!"

ಅಜ್ಜಿಯ ಆ ಕೂಗಿಗೆ ಹಟ್ಟಿಯ ದನವೂ ಬೆಚ್ಚಿರಬೇಕು. ಆದದ್ದೇನೆಂದರೆ, ದೂಮಣ್ಣ ಆ ಸೀರೆಯ ಚಂದವನ್ನೆಲ್ಲ ಮುಂದುಗಡೆಗೆ ಸುರಿದಿದ್ದರು. ಹಿಂದೆ ಬರೀ ಬಿಳಿ ಅಸ್ತರು ಬಟ್ಟೆ, ಅದರ ಮೇಲೆ ಲಾಡಿ, ಗಂಟು, ದಾರದ ತುದಿ. ಇಪ್ಪತ್ತು ವರ್ಷ ಜನರಿಗೆ ಮುಖಮಾಡಿ ಕುಣಿದವರಿಗೆ ಹೆಂಗಸಿಗೆ ಬೆನ್ನೂ ಉಂಟೆಂದು ನೆನಪೇ ಆಗಿರಲಿಲ್ಲ! ಅಜ್ಜಿ ಲಾಡಿ ಹಿಡಿದು ಎಳೆದರು. ಸೀರೆ ಸರ್ರನೆ ಮೊಣಕಾಲಿಗೆ ಏರಿತು. ಅಪ್ಪ ಜಗಲಿಯಿಂದ ನೋಡಿ, "ಮೋಸದ ಬಟ್ಟೆ ಉಟ್ಟು ಹೋಗುವ ಶಾಲೆ ಬೇಡ" ಎಂದು ಒಳಗೆ ಹೋದರು. ಅವತ್ತು ನಾನು ಅನ್ನ ಮುಟ್ಟಲಿಲ್ಲ. ಅಮ್ಮ ಸೀರೆಯನ್ನು ಮತ್ತೆ ಕಟ್ಟು ಕಟ್ಟಿ ಅಂಗಡಿಗೆ ಹಿಂದೆ ಕೊಟ್ಟು ಬಂದಳು.

ಭಾನುವಾರ ಬೆಳಿಗ್ಗೆ ದೂಮಣ್ಣ ಮೂರು ಮೈಲಿ ನಡೆದು ಹೊಳೆ ದಾಟಿ ನಮ್ಮ ಅಂಗಳಕ್ಕೆ ಬಂದರು. ಕಂಕುಳಲ್ಲಿ ಅದೇ ಕಟ್ಟು. ಅಜ್ಜಿ ಕುಡಿಯಲು ನೀರು ಬೆಲ್ಲ ಕೊಡಿಸಿದರು, ಆದರೆ ಮುಖ ಕೊಟ್ಟು ಮಾತಾಡಲಿಲ್ಲ. ದೂಮಣ್ಣ ಬೆಲ್ಲ ಬಾಯಿಗೆ ಹಾಕಿಕೊಂಡು, "ಅಮ್ಮ, ನಿಮ್ಮ ತವರು ಗುತ್ತಿಗಾರು ಅಂತ ನಿಮ್ಮ ಸೊಸೆ ಹೇಳಿದ್ರು. ಅಲ್ಲಿ ಆಟ ನೋಡಿದ್ದೀರಾ?" ಎಂದು ಕೇಳಿದರು.

"ನೋಡದೆ? ಕಾಡುಪಾಲಾದ ರಾಣಿಯ ಆಟ ಒಂದು ನೋಡಿದ್ದೇನೆ. ಹಾಗೆ ಸೀರೆ ಉಡುವ ಹೆಂಗಸನ್ನು ನಾನು ಮತ್ತೆ ಕಾಣಲಿಲ್ಲ. ಅವಳಿಗಾಗಿ ನಾನು ಎರಡು ದಿನ ಅತ್ತಿದ್ದೇನೆ ಮಾರಾಯ."

ದೂಮಣ್ಣ ಕಟ್ಟು ಬಿಚ್ಚಿದರು. ಪಂಚೆಯ ಮೇಲೆಯೇ ಸೀರೆ ಏರಿಸಿ ಮೂರು ಕೊಕ್ಕೆ ಹಾಕಿದರು. ಸೆರಗಿನ ತುದಿಯಿಂದ ಮೀಸೆ ಮುಚ್ಚಿ, ತಲೆ ತಗ್ಗಿಸಿ, ಎರಡು ಹೆಜ್ಜೆ ನಡೆದರು. ಎರಡೇ ಹೆಜ್ಜೆ! ಹೊಟ್ಟೆಯ ಟೈಲರ್ ಅಲ್ಲಿ ಇರಲಿಲ್ಲ. ನಮ್ಮ ಅಂಗಳದಲ್ಲಿ ಮನೆ ಕಳೆದುಕೊಂಡ ಹೆಂಗಸೊಬ್ಬಳು ನಿಂತಿದ್ದಳು. ಅಜ್ಜಿ ಜಗಲಿಯ ಕಂಬ ಹಿಡಿದು ಎದ್ದೇ ನಿಂತರು. "ಅಯ್ಯೋ, ಅವಳೇ!" ಎಂದರು.

"ನಾನೇ ಅಮ್ಮ. ಅವತ್ತು ಉಟ್ಟದ್ದು ಇಂಥದ್ದೇ, ಹೊಲಿದ ನೆರಿಗೆ, ಇದೇ ಕೊಕ್ಕೆ. ಅದು ಮೋಸ ಅಂತ ನಿಮಗೆ ಕಂಡಿತಾ? ರಾಣಿಗೆ ಸೀರೆ ಆದದ್ದು ನಿಮ್ಮ ಮೊಮ್ಮಗಳು ಗುಲಾಬಿಗೆ ಯಾಕೆ ಸೀರೆ ಆಗುದಿಲ್ಲ?"

ಅಜ್ಜಿ ಅಂಗಳಕ್ಕಿಳಿದು ಅವರಿಗೆ ಒಂದು ಸುತ್ತು ಬಂದರು. ಕೊನೆಗೆ, "ಹಿಂದುಗಡೆ ಎಂತ ಅವಸ್ಥೆ ಅದು?" ಎಂದು ಗದರಿದರು.

ದೂಮಣ್ಣ ಕೈ ಮುಗಿದರು. "ಹಿಂದೆ ನಾನು ತಪ್ಪಿದೆ ಅಮ್ಮ. ಆಟದಲ್ಲಿ ನನ್ನ ಹಿಂದೆ ಭಾಗವತರು ಮಾತ್ರ ಇದ್ದದ್ದು. ಅವರು ತಾಳ ನೋಡ್ತಾರೋ ನನ್ನ ಬೆನ್ನು ನೋಡ್ತಾರೋ? ಈಗ ಸರಿ ಮಾಡಿ ಕೊಡ್ತೇನೆ. ಹಿಂದಿನಿಂದ ನೋಡಿದವರೂ ಸೀರೆಯೇ ಅನ್ನಬೇಕು."

"ಹಾಗಾದ್ರೆ ಹೊಲಿ. ಹೊಳೆಯಲ್ಲಿ ನಾನೇ ನಿಂತು ನೋಡ್ತೇನೆ" ಎಂದರು ಅಜ್ಜಿ. ಅಪ್ಪ ಬಾಗಿಲ ಸಂದಿಯಿಂದ, "ಅಮ್ಮ ಒಪ್ಪಿದ್ರೆ ನನ್ನದೆಂತ ಉಂಟು?" ಎಂದರು.

ಹೊಸ ಸೀರೆ ಬಂತು. ಬಿಸಿಲಿಗೆ ಕಣ್ಣು ಕುಕ್ಕುವ ಜರಿ ಹೋಗಿ ಸಾದಾ ಅಂಚು ಬಂದಿತ್ತು. ರಾತ್ರಿಯ ಆಟದ ಗ್ಯಾಸ್‌ಲೈಟಿನ ಬೆಳಕಿಗೆ ಒಪ್ಪುವ ಬಣ್ಣ ಆರಿಸುವ ಹಳೆಯ ಅಭ್ಯಾಸವನ್ನೂ ಅವರು ಬಿಟ್ಟಿದ್ದರು. ಹಿಂದುಗಡೆಯೂ ನೆರಿಗೆ ನೀಟಾಗಿ ಇಳಿಯುತ್ತಿತ್ತು. ಅಜ್ಜಿ ಹೊಳೆಯ ದಡದಲ್ಲಿ ಕೊಡೆ ಊರಿ ನಿಂತರು. ನಾನು ಲಾಡಿ ಎಳೆದೆ, ಪುಸ್ತಕ ತಲೆಯ ಮೇಲಿಟ್ಟೆ, ಚಿಮ್ಮಿ ಚಿಮ್ಮಿ ದಾಟಿದೆ. ಆಚೆ ದಡದಲ್ಲಿ ಲಾಡಿ ಬಿಟ್ಟಾಗ ಸೀರೆಗೆ ಒಂದು ಹನಿ ನೀರೂ ತಾಗಿರಲಿಲ್ಲ! ಖುಷಿಗೆ ಅಲ್ಲಿಂದಲೇ ಕೂಗಿದೆ. ಈಚೆಯಿಂದ ಅಜ್ಜಿಯೂ ಕೂಗಿದರು: "ದೂಮಣ್ಣನಿಗೆ ಹೇಳು, ನನಗೂ ಒಂದು ಬೇಕು! ಗದ್ದೆಗೆ ಇಳೀಲಿಕ್ಕೆ ಒಳ್ಳೇದುಂಟು."

ಮತ್ತೆ ಕೇಳಬೇಕೇ? ಆಚೆಮನೆ, ಈಚೆಮನೆ, ಹೊಳೆಯಾಚೆಯ ಹುಡುಗಿಯರೆಲ್ಲ ದೂಮಣ್ಣನ ಅಂಗಡಿಗೆ ಮುತ್ತಿದರು. ಒಬ್ಬೊಬ್ಬಳಿಗೂ ಬೇರೆ ಬೇರೆ ಉಪಾಯ. ಸೈಕಲ್ ಕಲಿಯುವವಳಿಗೆ ಒಂದು ಬಗೆ, ಮಗುವಿಗೆ ಹಾಲು ಕೊಡುವವಳಿಗೆ ಇನ್ನೊಂದು ಬಗೆ. ಎಲ್ಲದಕ್ಕೂ ಕಿಸೆ ಮಾತ್ರ ಕಡ್ಡಾಯ. "ರಾಣಿಯವರೇ" ಎಂದು ಕರೆಯುತ್ತಿದ್ದ ಟೈಲರುಗಳ ಹೆಂಡಂದಿರೂ ಸದ್ದಿಲ್ಲದೆ ಬಂದು ಹೊಲಿಸಿಕೊಂಡು ಹೋದರು.

ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಟ್ರೈನಿಂಗ್ ಮುಗಿಸಿದೆ. ಅರವತ್ತರ ದಶಕದ ನಡುವೆ ನೆಲ್ಯಾಡಿ ಕಡೆಯ ಒಂದು ಶಾಲೆಗೆ ಟೀಚರಾಗಿ ಆರ್ಡರು ಬಂತು. ಅದನ್ನು ಹಿಡಿದುಕೊಂಡು ಮೊದಲು ಓಡಿದ್ದು ದೂಮಣ್ಣನ ಅಂಗಡಿಗೆ. ಆಗ ಮೀಸೆ ಪೂರ್ತಿ ಬೆಳ್ಳಗಾಗಿತ್ತು, ಸೂಜಿಗೆ ನೂಲು ಪೋಣಿಸಲು ಗಿರಾಕಿಗಳಿಗೇ ಕೊಡುತ್ತಿದ್ದರು. ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ನಂತರ ಕಪಾಟಿನಿಂದ ಒಂದು ಕಟ್ಟು ತೆಗೆದರು. ಹೊಲಿದು ಇಟ್ಟು ಎಷ್ಟು ದಿನವಾಗಿತ್ತೋ! ನಾನು ಟೀಚರ್ ಆಗುವುದು ಸರ್ಕಾರಕ್ಕಿಂತ ಮೊದಲು ಅವರಿಗೆ ಗೊತ್ತಿತ್ತು.

ಗಂಧದ ಬಣ್ಣದ ಸೀರೆ. ಅದೇ ಹೊಲಿದ ನೆರಿಗೆ, ಅದೇ ಕಿಸೆ. ಕೈ ಎತ್ತಿದಾಗ ಸೆರಗು ಜಾರದ ಹಾಗೆ ಭುಜದಲ್ಲಿ ಹೊಸದೊಂದು ಕೊಕ್ಕೆ. ಆದರೆ ಮುಂದುಗಡೆ ಒಂದು ಹೂವಿಲ್ಲ, ಒಂದು ಗೆರೆಯಿಲ್ಲ. ಬಿಡಿಸಿ ತಿರುಗಿಸಿದೆ. ಬೆನ್ನಿನ ಮೇಲೆ ಇಳಿಯುವ ಸೆರಗಿನ ತುಂಬ ಕೆಂಪು ಕೇಪಳ ಹೂವು! ಆ ಮಂಜಾದ ಕಣ್ಣಿನಲ್ಲಿ ಒಂದೊಂದೇ ಎಸಳು ಕೈಯಲ್ಲಿ ಹೊಲಿದಿದ್ದರು.

"ಇದೆಂತ ದೂಮಣ್ಣ, ಈ ಸಲ ಎಲ್ಲ ಹಿಂದೆಯೇ?" ಎಂದು ನಕ್ಕೆ.

"ನೀನಿನ್ನು ಬೋರ್ಡಿನಲ್ಲಿ ಬರೆಯುವವಳು. ಮಕ್ಕಳು ನೋಡುದು ನಿನ್ನ ಬೆನ್ನನ್ನೇ ಅಲ್ವಾ?" ಎಂದರು.

ಅಲ್ಲೇ ಒಳಗೆ ಹೋಗಿ ಉಟ್ಟು ಬಂದೆ. "ನಡೆದು ತೋರ್ಸು" ಎಂದರು. ಅವರ ಕಡೆಗೆ ನಡೆಯಲು ಹೊರಟೆ. "ಹಾಗಲ್ಲ, ಆಚೆ ಹೋಗು. ತಿರುಗಬೇಡ, ನಾನು ಹಿಂದಿನಿಂದ ನೋಡ್ತೇನೆ." ನಾನು ರಸ್ತೆಗಿಳಿದು ಪೇಟೆಯ ತಿರುವಿನವರೆಗೆ ನಡೆದೆ. ಅಲ್ಲಿ ತಡೆಯಲಾಗದೆ ತಿರುಗಿದೆ. ಕೊರಳಲ್ಲಿ ಟೇಪು ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ ದೂಮಣ್ಣ, ತಿರುಗಬೇಡ ಎಂದೆನಲ್ಲ ಎನ್ನುವಂತೆ ಕೈ ಬೀಸಿ ಗದರಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಶಾಲೆಗೆ ಸೇರಿದ ಮೊದಲ ವಾರವೇ ಅವರಿಗೆ ಹೇಳಲು ಒಂದು ಸುದ್ದಿ ಇಟ್ಟುಕೊಂಡಿದ್ದೆ. ಮಳೆ ಜೋರಾಗಿ ಎರಡು ತಿಂಗಳು ಊರಿಗೆ ಬರಲಾಗಲಿಲ್ಲ. ಬಂದಾಗ ಅಂಗಡಿಯ ಹಲಗೆ ಬಾಗಿಲು ಹಾಕಿತ್ತು. ಜ್ವರ ಬಂದು ನಾಲ್ಕೇ ದಿನದಲ್ಲಿ ಹೋದರಂತೆ. ಎದುರಿನ ಅಂಗಡಿಯವರು ಹೇಳಿದಾಗ ನಾನು ಆ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತೆ. ಹೇಳಬೇಕೆಂದಿದ್ದ ಸುದ್ದಿ ಇಷ್ಟೇ: ಮೊದಲ ದಿನ ಬೋರ್ಡಿನಲ್ಲಿ ನನ್ನ ಹೆಸರು ಬರೆದು ಮಕ್ಕಳ ಕಡೆ ಮುಖ ಮಾಡಿದೆ. ಹಿಂದಿನ ಬೆಂಚಿನ ಸಣ್ಣ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಇನ್ನೊಂದು ಸಲ ಆಚೆ ತಿರುಗಿ. ಹೂ ನೋಡಿ ಆಗ್ಲಿಲ್ಲ" ಎಂದಳು.