ಕಾಗೆ ಯಾರ ಮಾತಿಗೆ ಬಂತು

ಅವತ್ತು ಭಾನುವಾರ. ಲಿಂಗರಾಜು ಮನೆಯಲ್ಲೇ ಇದ್ದ. ಬೆಳಿಗ್ಗೆ ಮಾಂಸ ತಂದುಕೊಟ್ಟು, ಕೈಗೆ ಅಂಟಿದ ಬಣ್ಣವನ್ನು ಉಜ್ಜಿ ಉಜ್ಜಿ ತೊಳೆದು, ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡು ಅಡಿಗೆಮನೆಯ ಬಾಗಿಲಲ್ಲಿ ಬಂದು ಕೂತ. ಹೆಂಡತಿ ಕುಸುಮ ಮಸಾಲೆ ರುಬ್ಬುತ್ತಿದ್ದಳು.

"ನಾಳೆ ಮಧ್ಯಾಹ್ನ ಸಿಸ್ಟರ್ ಸ್ಕೂಲಿಗೆ ಹೋಗಿ ಅರ್ಜಿ ತತ್ತೀನಿ ಕಣೇ" ಅಂದ.

ಅವನು ಮನೆಗಳಿಗೆ ಬಣ್ಣ ಹೊಡೆಯುವವನು. ಹೋದ ಬೇಸಿಗೆ ರಜದಲ್ಲಿ ಊರೊಳಗಿನ ಒಂದು ಕ್ಯಾಥೊಲಿಕ್ ಶಾಲೆಯ ಕೆಲಸ ಸಿಕ್ಕಿತ್ತು. ಶಾಲೆ ನಡೆಸುವವರು ಸಿಸ್ಟರ್‌ಗಳು. ಕೆಲಸ ಮುಗಿಯುವ ಮೊದಲೇ ರಜ ಮುಗಿಯಿತು, ಮಕ್ಕಳು ಬಂದರು. ಅವತ್ತು ನಡೆದದ್ದನ್ನು ಅವನು ತಾವಿದ್ದ ಹೂಟಗಳ್ಳಿಯಲ್ಲಿ ಹೇಳದ ಮನೆ ಇರಲಿಲ್ಲ.

"ಒಬ್ರಲ್ಲ ಕಣೇ, ಲೈನಾಗಿ ಬಂದ ಅಷ್ಟೂ ಮಕ್ಳು. 'ಗುಡ್ ಮಾರ್ನಿಂಗ್ ಅಂಕಲ್' ಅಂದ್ರು. ಏಣಿ ಮೇಲಿದ್ದೆ. ಏನನ್ಬೇಕೋ ಗೊತ್ತಾಗ್ದೆ ಬ್ರಷ್ ಎತ್ತಿ ತೋರಿಸ್ದೆ."

"ಗೊತ್ತು. ಎಷ್ಟು ಸಲ ಹೇಳ್ತೀರಿ?"

"ನಮ್ಮ ಲಹರಿನೂ ಅಲ್ಲೇ ಓದ್ಬೇಕು."

ಕುಸುಮಳಿಗೆ ಅದು ಬೇಡವಾಗಿತ್ತು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಮಗಳು ಲಹರಿಗೆ ಇನ್ನೂ ಅಂಗನವಾಡಿ. ಮುಂದಕ್ಕೆ ಪಕ್ಕದ ಬೀದಿಯ ಸರ್ಕಾರಿ ಶಾಲೆ ಇದೆ, ನಡೆದುಕೊಂಡು ಹೋದರಾಯಿತು ಅಂತ ಅವಳ ಲೆಕ್ಕ.

"ಅಲ್ಲಿ ಹಾಕಿದ್ರೆ ನಾಳೆ ಮನೇಲೂ ಇಂಗ್ಲಿಷಲ್ಲೇ ಮಾತಾಡ್ತಾಳೆ. ನಾನು ಬಾಯಿ ಬಾಯಿ ಬಿಟ್ಕೊಂಡು ನೋಡ್ಬೇಕು. ನಮ್ಮಮ್ಮಂಗೆ ಏನೂ ಬರಲ್ಲ ಅಂತಾಳೆ."

"ಅಂದ್ರೆ ಅನ್ಲಿ ಬುಡು. ನಿಂಗೆ ಬರಲ್ಲ ತಾನೆ?"

ಅವನು ನಕ್ಕ. ಅವಳು ನಗಲಿಲ್ಲ.

ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅವನ ತಾಯಿ ಪುಟ್ಟತಾಯಮ್ಮ ಅಲ್ಲಿಂದಲೇ ಬಾಯಿ ಹಾಕಿದಳು. "ಅಲ್ಲಿ ಹಣೆ ಮ್ಯಾಲಿನ ಕುಂಕುಮ ಅಳಿಸ್ತಾರಂತೆ ಕಣ್ಲಾ. ಕೂಸ್ನ ತಕ್ಕೊಂಡೋಗಿ ಅವ್ರ ದೇವ್ರಿಗೆ ಕೊಟ್ಬುಟ್ಟೀಯೆ."

"ಅಷ್ಟು ದಿನ ಅಲ್ಲೇ ಕೆಲ್ಸ ಮಾಡಿವ್ನಿ ಅವ್ವ. ನನ್ನ ವಿಭೂತಿ ಯಾರಾದ್ರೂ ಅಳಿಸಿದ್ರಾ?"

"ನೀನು ಕೋಣ ಇದ್ದಂಗಿದ್ದೀಯ. ನಿನ್ನ ತಕ್ಕೊಂಡು ಅವ್ರೇನು ಮಾಡಾರು?"

ಆಗ ಕುಸುಮಳಿಗೂ ನಗು ಬಂತು. ಊಟ ಮಾಡಿದರು. ಮಗಳನ್ನು ಎದೆಯ ಮೇಲೆ ಮಲಗಿಸಿಕೊಂಡು ಅವನು ನಿದ್ದೆ ಹೋದ. ಅವತ್ತು ಇನ್ನೇನೂ ಆಗಲಿಲ್ಲ.

ಮಾರನೇ ದಿನ ಕುವೆಂಪುನಗರದ ಒಂದು ಮನೆಯ ಹೊರಗೋಡೆಗೆ ಬಣ್ಣ ಹೊಡೆಯುವಾಗ ಕಟ್ಟಿದ ಬೊಂಬು ಜಾರಿತು. ಮೇಲಿನಂತಸ್ತಿನಿಂದ ಬಿದ್ದ. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಿದ್ದ. ಮಧ್ಯಾಹ್ನ ಇನ್ನೂ ಆಗಿರಲಿಲ್ಲ.

ಮಣ್ಣು ಮಾಡಿದ ಮೇಲೆ ಹಾಲು ತುಪ್ಪದ ದಿನ ಬಂತು. ಸಮಾಧಿಯ ದಿಬ್ಬದ ಮೇಲೆ ಹಾಲು ಬಿಟ್ಟು, ಅವನಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯ ಮೇಲೆ ಎಡೆ ಇಟ್ಟು, ಎಲ್ಲರೂ ದೂರ ಸರಿದು ನಿಂತರು. ಕಾಗೆ ಬಂದು ಎಡೆ ಮುಟ್ಟಬೇಕು. ಸತ್ತವನ ಮನಸ್ಸಿನಲ್ಲಿ ಏನಾದರೂ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ. ಆಗ ಉಳಿದವರು ಒಬ್ಬೊಬ್ಬರಾಗಿ ಅವನಿಗೆ ಮಾತು ಕೊಡಬೇಕು. ಅವನು ಕಾಯುತ್ತಿದ್ದ ಮಾತು ಬಂದ ಕೂಡಲೇ ಕಾಗೆ ಇಳಿಯುತ್ತದೆ. ಆ ಮಾತನ್ನು ಆಮೇಲೆ ಯಾರೂ ಮೀರುವ ಹಾಗಿಲ್ಲ.

ಫ್ಯಾಕ್ಟರಿಗಳು ಬಂದ ಮೇಲೆ ಆ ಕಡೆ ಕಾಗೆಗಳೇ ಕಡಿಮೆ. ಚಾವಣಿ ಶೀಟಿನ ಮೇಲೆಲ್ಲ ಪಾರಿವಾಳ. ಅವು ಗುಂಪಾಗಿ ಇಳಿದವು.

"ಇವು ನೋಡು, ಕರೀದೇನೇ ಬತ್ತವೆ. ಓಡಿಸ್ರಲಾ!" ಅಂತ ಕುಲದ ಹಿರಿಯ ಮರಿಸ್ವಾಮಿ ಕೂಗಿದ.

ಒಂದು ಕಾಗೆ ಮಾತ್ರ ಕಾಂಪೌಂಡಿನ ಮೇಲೆ ಕೂತಿತ್ತು. ನೋಡುತ್ತಿತ್ತು. ಬರಲಿಲ್ಲ.

ಪುಟ್ಟತಾಯಮ್ಮ ಸೆರಗೊಡ್ಡಿ ನಿಂತಳು. "ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಡ್ತೀನಿ ಕಣಪ್ಪ ನನ್ನ ಕಂದ. ತಿನ್ನು."

ಕಾಗೆ ಕೊಕ್ಕನ್ನು ಗೋಡೆಗೆ ತಿಕ್ಕಿಕೊಂಡಿತು, ಅಷ್ಟೆ.

"ಅವನ್ಗೆ ನಿನ್ನ ಕೂದ್ಲು ಯಾಕವ್ವ? ಅವನ ಜೀವ ಇರೋದು ಮಗೂ ಮ್ಯಾಲೆ" ಅಂದ ಮರಿಸ್ವಾಮಿ.

ಲಿಂಗರಾಜುವಿನ ತಮ್ಮ ಹರೀಶ್ ಮುಂದೆ ಬಂದ. ಅವನು ದಟ್ಟಗಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡವನು. ಒಳ್ಳೆಯವನೇ. ಅಣ್ಣ ಸತ್ತಾಗಿನಿಂದ ಕಣ್ಣು ಒಣಗಿರಲಿಲ್ಲ. ಗಟ್ಟಿಯಾಗಿ ಹೇಳಿದ: "ಅಣ್ಣಾ, ಲಹರಿನ ನಮ್ಮನೇಗೆ ಕರ್ಕೊಂಡೋಗ್ತೀನಿ. ನನ್ನ ಮಕ್ಳ ಜೊತೇಲೇ ಓದಿಸ್ತೀನಿ. ಯೋಚ್ನೆ ಮಾಡ್ಬೇಡ, ಹೋಗು."

ಕುಸುಮ ಅಲ್ಲೇ ಹಿಂದೆ ನಿಂತಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ಆ ಗಳಿಗೆಯಲ್ಲಿ ಮನಸ್ಸಿನೊಳಗೇ ಅಂದುಕೊಂಡಳು: ಸಿಸ್ಟರ್ ಸ್ಕೂಲಿಗೇ ಹಾಕ್ತೀನಿ. ನೀವು ಹೇಳ್ದಂಗೇ. ಈಗ ತಿನ್ನಿ.

ತುಟಿ ಅಲುಗಲಿಲ್ಲ. ಕಾಗೆ ಇಳಿಯಿತು. ಮಾಂಸದ ತುಂಡೊಂದನ್ನು ಕಚ್ಚಿಕೊಂಡು ಹಾರಿತು.

"ಮುಟ್ತು! ಮುಟ್ತು!" ಅಂದರು ಎಲ್ಲರೂ. ಮರಿಸ್ವಾಮಿ ಹರೀಶನ ಬೆನ್ನು ತಟ್ಟಿದ. "ತಮ್ಮನ ಮಾತಿಗೇ ಕಾಯ್ತಿದ್ದ ನೋಡು."

ವಾಪಸ್ ಬರುವಾಗ ಕುಸುಮ ಅಂದಳು, "ನಾನೂ ಒಂದು ಮಾತು ಕೊಟ್ಟೆ."

"ಯಾವಾಗ ಅತ್ತಿಗೆ? ನಂಗೆ ಕೇಳಿಸ್ಲೇ ಇಲ್ಲ" ಅಂದ ಹರೀಶ್.

"ಮನ್ಸಲ್ಲಿ ಕೊಟ್ಟೆ."

ಹರೀಶನ ಹೆಂಡತಿ ಹೇಮಶ್ರೀ ಅವಳ ಕೈ ಹಿಡಿದುಕೊಂಡಳು. "ಮನ್ಸಲ್ಲಿ ಅಂದಿದ್ದು ಯಾರ್ಗೆ ಕೇಳಿಸ್ತದೆ ಅಕ್ಕ?"

ಏನು ಮಾತು ಅಂತ ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ತಿಥಿ ಮುಗಿಯಿತು, ನೆಂಟರು ಹೋದರು. ಶಿವರಾತ್ರಿ ಕಳೆಯಲಿ, ಆಮೇಲೆ ಬಂದು ಮಗುವನ್ನು ಕರೆದುಕೊಂಡು ಹೋಗುತ್ತೇನೆ ಅಂತ ಹರೀಶ್ ಹೇಳಿಹೋದ. ಕುಸುಮ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿದಳು.

ಅವರ ಮನೆಯ ಗೇಟಿನ ಒಂದು ಕೀಲು ಮುರಿದಿತ್ತು. ಎತ್ತಿ ತಳ್ಳದಿದ್ದರೆ ತೆರೆಯುತ್ತಿರಲಿಲ್ಲ. ತಳ್ಳಿದಾಗ ಕಬ್ಬಿಣ ನೆಲಕ್ಕೆ ಕೆರೆದು ಸದ್ದು ಬರುತ್ತಿತ್ತು. ಲಿಂಗರಾಜು ಕೆಲಸದಿಂದ ಬರುವ ಹೊತ್ತಿಗೆ ಆ ಸದ್ದು ಈಗಲೂ ಬರತೊಡಗಿತು. ಕುಸುಮ ಎದ್ದು ಹೋಗಿ ನೋಡಿದರೆ ಗೇಟು ಹಾಕಿದ ಹಾಗೇ ಇರುತ್ತಿತ್ತು. ಒಳಗೆ ಬಂದರೆ ಅತ್ತೆಯೂ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಿರುತ್ತಿದ್ದಳು. ಅತ್ತೆ ತಟ್ಟೆಯ ಕಡೆ ನೋಡುವಳು, ಸೊಸೆ ಒಲೆಯ ಕಡೆ.

ಒಂದು ಸಂಜೆ ಲಹರಿ ಕೇಳಿದಳು. "ಅಪ್ಪ ಯಾಕಮ್ಮ ಒಳಗೆ ಬರಲ್ಲ?"

"ಯಾವಪ್ಪನೇ?"

"ಅಲ್ಲೇ ನಿಂತವ್ರೆ. ಚಪ್ಲಿನೂ ಬಿಡ್ತಿಲ್ಲ."

ಕುಸುಮ ಅವತ್ತು ಅನ್ನ ಮುಟ್ಟಲಿಲ್ಲ. ಅವನು ತಿಂದು ಹೋದದ್ದು ಹರೀಶನ ಮಾತಿಗಾಗಿದ್ದರೆ ನೆಮ್ಮದಿಯಾಗಿ ಹೋಗಿರಬೇಕಿತ್ತು. ಹೋಗಿಲ್ಲ. ಹಾಗಾದರೆ ಅವನು ತಿಂದದ್ದು ತನ್ನ ಮಾತಿಗೆ. ತಾನು ಅದನ್ನು ನಡೆಸಿಕೊಡುವ ತನಕ ಅವನು ಚಪ್ಪಲಿ ಬಿಡುವುದಿಲ್ಲ. ಹರೀಶ್ ಮಗಳನ್ನು ಕರೆದುಕೊಂಡು ಹೋದರೆ ಮಗಳೂ ಇಲ್ಲ, ಮಾತೂ ಇಲ್ಲ. ಮಗಳನ್ನು ತನ್ನಿಂದ ದೂರ ಮಾಡುತ್ತದೆ ಅಂತ ಯಾವ ಶಾಲೆಯನ್ನು ಬೇಡ ಅಂದಿದ್ದಳೋ, ಈಗ ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳಲು ಅವಳಿಗೆ ಅದೊಂದೇ ದಾರಿ.

ರಜೆ ಹಾಕಿ ಮಗಳನ್ನು ಕರೆದುಕೊಂಡು ಹೊರಟಳು.

"ಎಲ್ಲಿಗವ್ವ?" ಅಂದಳು ಪುಟ್ಟತಾಯಮ್ಮ.

"ಸಿಸ್ಟರ್ ಸ್ಕೂಲಿಗೆ."

"ವರ್ಷ ತುಂಬೋಗಂಟ ಈ ಮನೇಲಿ ಶುಭ ಕಾರ್ಯ ಮಾಡಂಗಿಲ್ಲ."

"ಸ್ಕೂಲಿಗೆ ಹಾಕೋದು ಶುಭವೋ ಅಶುಭವೋ ನಂಗೊತ್ತಿಲ್ಲ ಅತ್ತೆ."

ಕುಸುಮ ಮಗಳ ಕೈ ಹಿಡಿದು ಮೆಟ್ಟಿಲಿಳಿದಳು.

ಶಾಲೆಯ ಸಿಸ್ಟರ್‌ಗೆ ವಯಸ್ಸಾಗಿತ್ತು. ಕನ್ನಡದಲ್ಲೇ ಮಾತಾಡಿದರು. ಕುಸುಮಳಿಗೆ ಅರ್ಧ ಜೀವ ಬಂದ ಹಾಗಾಯಿತು. ಮಗುವಿನ ಹೆಸರು ಕೇಳಿದರು, ಬಣ್ಣಗಳ ಹೆಸರು ಕೇಳಿದರು. ಲಹರಿ ಎಲ್ಲವನ್ನೂ ಪಟಪಟ ಹೇಳಿದಳು. ಬಣ್ಣ ಅಪ್ಪ ಹೇಳಿಕೊಟ್ಟ ವಿದ್ಯೆ.

"ಅಪ್ಪ ಬರಲಿಲ್ವಾ?"

"ಬಂದವ್ರೆ. ಆಚೆ ನಿಂತವ್ರೆ" ಅಂದಳು ಲಹರಿ.

ಸಿಸ್ಟರ್ ಕಿಟಕಿಯಿಂದ ನೋಡಿದರು. ಅಂಗಳದಲ್ಲಿ ಯಾರೂ ಇರಲಿಲ್ಲ. ಆಮೇಲೆ ಕುಸುಮಳ ಬೋಳು ಹಣೆ ನೋಡಿದರು.

"ಹೋಗ್ಬುಟ್ರು ಸಿಸ್ಟರ್. ಈ ಗೋಡೆಗೆಲ್ಲ ಅವ್ರೇ ಬಣ್ಣ ಹೊಡ್ದಿದ್ದು."

ಸಿಸ್ಟರ್ ಸ್ವಲ್ಪ ಹೊತ್ತು ಗೋಡೆ ನೋಡಿದರು. "ತಂದೆ ತಾಯಿ ಇಬ್ಬರೂ ಬರಬೇಕು ಅನ್ನೋದು ಇಲ್ಲಿನ ನಿಯಮ. ಒಬ್ಬರು ಒಳಗಿದ್ದೀರಿ, ಒಬ್ಬರು ಆಚೆ ಇದ್ದಾರೆ. ಆಯಿತು ಬಿಡಿ. ಮನೆಯವರು ಒಪ್ಪಿದ್ದಾರೆ ತಾನೆ? ಆಮೇಲೆ ಯಾರೂ ಬಂದು ಗಲಾಟೆ ಮಾಡಬಾರದು."

"ಒಪ್ತಾರೆ" ಅಂದಳು ಕುಸುಮ. ಹೇಗೆ ಅಂತ ಅವಳಿಗೂ ಗೊತ್ತಿರಲಿಲ್ಲ.

ಎದ್ದು ಬರುವಾಗ ಸಿಸ್ಟರ್ ನೆನಪಿಸಿದರು. "ಕುಂಕುಮ ಇಟ್ಟರೆ ಇಡಿ, ನಾವೇನೂ ಅನ್ನುವುದಿಲ್ಲ. ಎರಡು ಜಡೆ ಹಾಕಬೇಕು. ಹೂವು ಬೇಡ, ಬಳೆ ಬೇಡ."

ಶಿವರಾತ್ರಿ ಆದ ಮೇಲೆ ಹರೀಶ್ ಬಂದ. ಮಗುವಿಗೆ ಹೊಸ ಬ್ಯಾಗೂ ತಂದಿದ್ದ. ಕುಸುಮ ಶಾಲೆಯ ವಿಷಯ ಹೇಳಿದಳು. ಅವನ ಮುಖ ಕೆಂಪಾಯಿತು.

"ಅತ್ತಿಗೆ, ಅಷ್ಟು ಜನರ ಮುಂದೆ ಮಾತು ಕೊಟ್ಟಿವ್ನಿ. ಕಾಗೆ ಮುಟ್ಟಿದ್ದ ನೀವೂ ನೋಡಿದ್ರಿ. ಈಗ ನಾನು ತಪ್ಪಿದ್ರೆ ಅಣ್ಣ ನನ್ನ ಮಕ್ಳನ್ನ ನೆಟ್ಟಗೆ ಬಿಡ್ತಾನಾ?"

"ಅವ್ರು ತಿಂದಿದ್ದು ನನ್ನ ಮಾತಿಗೆ ಹರೀಶಪ್ಪ."

"ಯಾರು ಕೇಳಿದ್ರು ನಿಮ್ಮ ಮಾತ್ನ? ಯಾರಾದ್ರೂ ಒಬ್ರು ಹೇಳ್ಲಿ ನೋಡಣ."

"ನಾನು ಕೇಳಿವ್ನಿ ಕಣ್ಲಾ" ಅಂದಳು ಪುಟ್ಟತಾಯಮ್ಮ.

ಗೋಡೆಗೊರಗಿ ಕೂತಿದ್ದವಳು ಕಣ್ಣು ತೆರೆದೇ ಇರಲಿಲ್ಲ. "ಸಿಸ್ಟರ್ ಸ್ಕೂಲಿಗೇ ಹಾಕ್ತೀನಿ, ನೀವು ಹೇಳ್ದಂಗೇ, ಈಗ ತಿನ್ನಿ ಅಂದ್ಲು. ಆಗ ಇಳೀತು ಕಾಗೆ. ನಿನ್ನ ಮಾತಿಗಲ್ಲ. ನಂಗೆ ಆ ಸ್ಕೂಲು ಬೇಡವಾಗಿತ್ತು, ಅದ್ಕೆ ಬಾಯಿ ಮುಚ್ಕೊಂಡಿದ್ದೆ. ಇನ್ನು ಆಗಲ್ಲ ಕಣಪ್ಪ. ಹೋಗು ನೀನು."

ಹರೀಶ್ ತಾಯಿಯ ಮಾತು ಮೀರಲಿಲ್ಲ. ತನ್ನ ತಲೆಯಿಂದ ಭಾರ ಇಳಿಯಿತೋ ಏನೋ, ಬ್ಯಾಗನ್ನು ಮಗುವಿನ ಹೆಗಲಿಗೆ ಹಾಕಿ, ಕಾಫಿ ಕುಡಿದೇ ಹೋದ.

ಅವನು ಹೋದ ಮೇಲೆ ಕುಸುಮ ಅತ್ತೆಯ ಮುಂದೆ ಬಂದು ಕೂತಳು. "ಅತ್ತೆ, ನಿಮ್ಗೆ ಹೆಂಗೆ ಗೊತ್ತಾಯ್ತು? ನಾನು ಬಾಯೇ ಬಿಟ್ಟಿರ್ಲಿಲ್ಲ."

"ಬಿಟ್ಟಿದ್ದೆ."

"ಇಲ್ಲ ಅತ್ತೆ. ಮನ್ಸಲ್ಲಿ ಅಂದಿದ್ದು."

ಮುದುಕಿ ಗೋಡೆ ಬಿಟ್ಟು ನೆಟ್ಟಗೆ ಕೂತಳು.

"ಹಂಗಾರೆ ಅವನೇ ಹೇಳವ್ನೆ. ದಿನಾ ಬೆಳಗಾಗೋ ಮುಂಚೆ ತಲೆದೆಸೇಲಿ ಕೂತ್ಕೊಂಡು ಅದನ್ನೇ ಅಂತಾನೆ. ತಿನ್ನಿ ಅಂದ್ಲು ತಿಂದೆ ಅವ್ವ, ತಿನ್ನಿ ಅಂದ್ಲು ತಿಂದೆ ಅವ್ವ ಅಂತ."

ಇಬ್ಬರೂ ದೀಪ ಹಚ್ಚುವುದನ್ನೂ ಮರೆತು ಕೂತರು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಲಹರಿ ವ್ಯಾನಿನಲ್ಲಿ ಹೋದಳು. ಅವತ್ತು ಸಂಜೆ ಗೇಟು ಸದ್ದು ಮಾಡಲಿಲ್ಲ. ಮರುದಿನವೂ ಇಲ್ಲ. ಕುಸುಮ ಆ ಹೊತ್ತಿಗೆ ಒಲೆ ಆರಿಸಿ ಕಿವಿಗೊಟ್ಟು ಕೂರುತ್ತಿದ್ದಳು. ಮಾತು ನಡೆಸಿಕೊಟ್ಟರೆ ಅವನು ಹೋಗುತ್ತಾನೆ ಅಂತ ಗೊತ್ತಿತ್ತು. ಹೋದ ಮೇಲೆ ಹೀಗಿರುತ್ತದೆ ಅಂತ ಗೊತ್ತಿರಲಿಲ್ಲ.

ಒಂದು ದಿನ ತಡೆಯದೆ ಕೇಳಿಯೇಬಿಟ್ಟಳು. "ಅಪ್ಪ ಆಚೆ ನಿಂತವ್ರಾ ನೋಡೇ."

ಲಹರಿ ಬಾಗಿಲಿಗೆ ಹೋಗಿ ನೋಡಿ ಬಂದಳು. "ಇಲ್ಲ."

"ಸರ್ಯಾಗಿ ನೋಡು."

"ನೋ ಅಮ್ಮ" ಅಂದಳು ಮಗಳು.

ನಲ್ಲಿಯ ಪಕ್ಕದಲ್ಲಿ ಒಂದು ಕಾಕಡದ ಗಿಡ ಇದೆ. ಆ ಮನೆಯಲ್ಲಿ ಈಗ ಮೂರು ತಲೆ. ಎರಡು ಗಂಡನಿಲ್ಲದವರದು, ಹೂ ಮುಡಿಯುವ ಹಾಗಿಲ್ಲ, ಇನ್ನೊಂದಕ್ಕೆ ಶಾಲೆಯಲ್ಲಿ ಬೇಡ ಅಂದಿದ್ದಾರೆ. ಗಿಡಕ್ಕೆ ಅದು ತಿಳಿಯದು. ಮಗಳಿಗೆ ಎರಡು ಜಡೆ ಹಾಕಿ ವ್ಯಾನು ಹತ್ತಿಸಿ ಬಂದ ಮೇಲೆ ಕುಸುಮ ಮೊರ ಹಿಡಿದು ಮೊಗ್ಗು ಬಿಡಿಸುತ್ತಾಳೆ. ಮೆಟ್ಟಿಲ ಮೇಲೆ ಕೂತು ಕಾಲ್ಬೆರಳಿಗೆ ದಾರ ಸಿಕ್ಕಿಸಿ ಒತ್ತಾಗಿ ಕಟ್ಟುತ್ತಾಳೆ, ತಾನು ಮುಡಿಯುವಾಗ ಕಟ್ಟುತ್ತಿದ್ದ ಹಾಗೇ. ಮೊಗ್ಗು ಮುಗಿದಾಗ ಹಲ್ಲಿನಲ್ಲಿ ದಾರ ಕಡಿದು, ಪಕ್ಕದ ಮನೆಯ ಸರೋಜಮ್ಮನ ಬಾಗಿಲಿಗೆ ಸಿಕ್ಕಿಸಿ, ಕೆಲಸಕ್ಕೆ ಹೋಗುತ್ತಾಳೆ.