ಅವ್ವ ಹಿಡಿಯದ ವ್ರತ

ಅವ್ವ ಊಟ ಬಿಟ್ಟಿದ್ದಾಳೆಂದು ಖಾನಾಪುರದಿಂದ ಅಣ್ಣ ಫೋನ್ ಮಾಡಿದಾಗ ಅವನ ದನಿಯಲ್ಲಿ ಗಾಬರಿ ಇರಲಿಲ್ಲ, ಹೆಮ್ಮೆ ಇತ್ತು.

"ಸಲ್ಲೇಖನ ಹಿಡದಾಳ. ಬಂದು ಕಾಲ ಮುಟ್ಟಿ ಹೋಗು."

ನಮ್ಮ ಜೈನರಲ್ಲಿ ಅದು ದೊಡ್ಡ ಮಾತು. ಪೂರ್ಣ ಎಚ್ಚರದಲ್ಲಿ, ಸಾವಿನವರೆಗೆ ಅನ್ನ ತ್ಯಜಿಸುವ ವ್ರತ. ಆದರೆ ಅವ್ವನಿಗೆ ಮರೆವಿನ ಕಾಯಿಲೆ ಬಂದು ವರ್ಷಗಳಾಗಿದ್ದವು. ಮಗಳಾದ ನನ್ನನ್ನೇ ತನ್ನ ತಂಗಿ ಎಂದುಕೊಂಡಿದ್ದಳು. ರೊಟ್ಟಿ ಕೊಟ್ಟರೆ ಮಡಚಿ ದಿಂಬಿನ ಕೆಳಗಿಡುತ್ತಿದ್ದಳು. ಬೆಳಗಾವಿಯ ಮಹಾಂತೇಶ ನಗರದ ನನ್ನ ಮನೆಯಿಂದ ಸಿಕ್ಕ ಬಸ್ಸು ಹತ್ತಿ ಹೋದೆ. ಅವ್ವನಿಗೆ ಬಿಳಿ ಸೀರೆ ಉಡಿಸಿ ಕೂರಿಸಿದ್ದರು. ನೆಂಟರು ಒಬ್ಬೊಬ್ಬರಾಗಿ ನಮಸ್ಕರಿಸುತ್ತಿದ್ದರು.

"ವ್ರತ ಅಂತ ಅವ್ವ ತಾನ ಅಂದ್ಲೇನು?"

"ಚಮಚಾ ತಂದ್ರ ಬಾಯಿ ಬಿಗೀತಾಳ. ಇನ್ನೇನ ಹೇಳ್ಬೇಕು?" ಎಂದ ಅಣ್ಣ.

ಪರಿಚಯದ ಪಂಡಿತರಿಗೆ ಫೋನ್ ಹಚ್ಚಿ, ಅಣ್ಣನಿಗೂ ಕೇಳುವಂತೆ ಹಿಡಿದೆ. ಅವರು ತಡವರಿಸಿದರು.

"ವ್ರತಕ್ಕ ಎಚ್ಚರ ಬೇಕ್ರಿ, ಗುರುಗಳ ಅಪ್ಪಣಿ ಬೇಕು. ಮರವಿನ್ಯಾಗ ಉಣ್ಣೂದು ಬಿಟ್ಟವರಿಗೆ ಏನ ಮಾಡ್ಬೇಕಂತ ನಾ ಓದಿದ್ದರಾಗ ಎಲ್ಲೂ ಇಲ್ಲ, ತಂಗಿ."

"ಕೇಳಿದಿಲ್ಲೋ, ತಪ್ಪಂತ ಎಲ್ಲೂ ಇಲ್ಲ," ಎಂದ ಅಣ್ಣ.

ಪಂಡಿತರು ತಮಗೆ ಗೊತ್ತಿಲ್ಲವೆಂದು ಪ್ರಾಮಾಣಿಕವಾಗಿ ಹೇಳಿದ್ದರು. ಇವನು ಅದನ್ನೇ ಅಪ್ಪಣೆ ಮಾಡಿಕೊಂಡ.

ಅವ್ವನ ಪಕ್ಕ ಕುಳಿತು ಮೆಲ್ಲಗೆ ತುಟಿ ಬಿಡಿಸಿದೆ. ನಾಲಗೆ, ಒಸಡು ತುಂಬ ಬಿಳಿಯ ಹುಣ್ಣು. ಅಷ್ಟು ಜನ ಕಾಲು ಮುಟ್ಟಿದ್ದರು, ಒಬ್ಬರೂ ಬಾಯಿ ನೋಡಿರಲಿಲ್ಲ.

"ಗಾಡಿ ತರಸು. ಬೆಳಗಾವಿಗೆ ಕರಕೊಂಡ ಹೋಗ್ತೀನಿ."

"ಬಂದ ಮಂದಿಗೆ ಏನ ಹೇಳ್ಲಿ?"

"ಬಾಯಾಗ ಹುಣ್ಣಾಗಿದ್ವು ಅಂತ ಹೇಳು."

ಔಷಧಿಗೆ ಹುಣ್ಣು ಮಾಯ್ದವು. ನನ್ನ ಮನೆಯಲ್ಲಿ ಅವ್ವ ಗಂಜಿ ಉಂಡಳು, ಬಾಳೆಹಣ್ಣು ಕಂಡರೆ ಕೈ ಚಾಚಿದಳು. ಮುಂದಿನ ಮಳೆಗಾಲದ ಹೊತ್ತಿಗೆ ಮಾತ್ರ ನೀರೂ ಗಂಟಲಲ್ಲಿ ಇಳಿಯದಾಯಿತು. ಮೂಗಿನಿಂದ ನಳಿಗೆ ಹಾಕಬಹುದು, ಕಿತ್ತುಕೊಳ್ಳದಂತೆ ಕೈ ಕಟ್ಟಬೇಕಾಗುತ್ತದೆ, ನೀವೇ ಹೇಳಿ ಎಂದರು ಡಾಕ್ಟರು. ಈ ಸಲ ಪಂಡಿತರನ್ನು ಕೇಳಲಿಲ್ಲ. ಬೇಡವೆಂದೆ. ಒದ್ದೆ ಹತ್ತಿಯಿಂದ ತುಟಿ ಒರೆಸುತ್ತ ಅವಳ ಪಕ್ಕದಲ್ಲೇ ಇದ್ದೆ, ಅವಳು ಹೋಗುವವರೆಗೂ.

ಅಂತ್ಯಕ್ರಿಯೆ ಮುಗಿಸಿ ಬಂದ ಅಣ್ಣ ಎಲ್ಲರೆದುರು ಕೇಳಿದ. "ಅವತ್ತ ನಾ ಮಾಡಿದ್ದು ತಪ್ಪಾದ್ರ, ನೀ ಮಾಡಿದ್ದೇನು?"

"ನಾ ಬ್ಯಾಡ ಅಂದ್ನಿ. ನನ್ನ ಬಾಯಿಲೆ ಅಂದ್ನಿ. ಅವ್ವ ಅಂದಾಳಂತ ಯಾರ ಮುಂದೂ ಹೇಳಿಲ್ಲ."

ಅಣ್ಣ ಮಾತ್ರ, ತಾಯಿ ವ್ರತ ಹಿಡಿದಿದ್ದಳು, ತಂಗಿ ಮುರಿದಳು ಎಂದು ನೆಂಟರಿಗೆ ಇಂದಿಗೂ ಹೇಳುತ್ತಾನೆ.