ಬಾಗಿಲ ಮರೆಯಿಂದ ಅತ್ತೆ ಆಡಿದ ಮಾತು

1957ರಲ್ಲಿ ನಾನು ಮದುವೆಯಾಗಿ ಪುರ್ತಗೇರಿಯಿಂದ ಗಜೇಂದ್ರಗಡದ ನೇಕಾರರ ಓಣಿಗೆ ಬಂದೆ. ನಮ್ಮ ಮನೆಯೆದುರು ಸಾವ್ಕಾರರೊಬ್ಬರು ಎರಡಂತಸ್ತಿನ ಮನೆ ಕಟ್ಟಿಸುತ್ತಿದ್ದರು. ನಮಗೂ ಓಣಿಯ ಉಳಿದವರಿಗೂ ನೂಲು ಕೊಟ್ಟು ಸೀರೆ ನೇಯಿಸುತ್ತಿದ್ದವರೂ ಅವರೇ.

ರಸ್ತೆಯ ಮೇಲೆ ಬಿದಿರಿನ ಅಟ್ಟಣಿಗೆ ಕಟ್ಟಲು ಪುರಸಭೆಯ ಪರವಾನಗಿ ಬೇಕಿತ್ತು. ಮಗಳ ಮದುವೆ ಹತ್ತಿರ ಬಂತೆಂದು ಸಾವ್ಕಾರರು ಅದಕ್ಕೆ ಕಾಯಲಿಲ್ಲ. ಒಂದು ಮುಂಜಾನೆ ನಾನೂ ಅತ್ತೆಯೂ ಅಂಗಳ ಸಾರಿಸುತ್ತಿದ್ದೆವು. ಎದುರು ಗೋಡೆ ಕಟ್ಟುವ ಗೌಂಡಿ ಮಸ್ತಾನಸಾಬ ಅಟ್ಟಣಿಗೆ ಬಿಗಿಯುತ್ತ, "ಹಗ್ಗ ಹಳೇವು ಆಗ್ಯಾವ್ರಿ ಸಾವ್ಕಾರ್ರ, ಬ್ಯಾರೆ ತರಸ್ರಿ" ಎಂದ.

"ಇವತ್ತೊಂದಿನ ನಡಸೋ, ನಾಳೆ ತರಸೂಣು" ಎಂದರು ಅವರು.

ಮಧ್ಯಾಹ್ನ ಲಟಲಟ ಸದ್ದಾಯಿತು. ಓಡಿಬಂದು ನೋಡಿದರೆ ಅಟ್ಟಣಿಗೆ ಒಂದು ಕಡೆ ಕುಸಿದಿತ್ತು. ಮಸ್ತಾನಸಾಬ ಗೋಡೆಯಿಂದ ಹೊರಚಾಚಿದ ತೊಲೆ ಹಿಡಿದು ನೇತಾಡುತ್ತಿದ್ದ. ಅತ್ತೆ ಬಿಸಿಲಿಗೆ ಹಾಕಿದ್ದ ಹಳೆ ಸೀರೆಗಳ ದಪ್ಪ ಕೌದಿ ಎಳೆದು ತಂದರು. "ಬರ್ರೆವಾ, ಬಿಗಿ ಹಿಡೀರಿ!" ಎಂದು ಓಣಿಯ ಹೆಂಗಸರನ್ನೆಲ್ಲ ಕೂಗಿದರು. ಮೇಲೆ ನೋಡಿ, "ಕೈ ಬಿಡಪಾ, ನಾವ್ ಅದೀವಿ!" ಎಂದರು.

ಅವನು ಕಣ್ಣು ಮುಚ್ಚಿ ಕೈ ಬಿಟ್ಟ. ಆ ಭಾರಕ್ಕೆ ನಾವೆಲ್ಲ ಮುಗ್ಗರಿಸಿ ಬಿದ್ದೆವು. ಅವನ ತೋಳು ಮುರಿಯಿತು, ಜೀವ ಉಳಿಯಿತು.

ಮರುದಿನ ವಿಚಾರಣೆಗೆ ಪುರಸಭೆಯ ಅಧಿಕಾರಿ ಬಂದರು. ಸಾವ್ಕಾರರು, "ಹಗ್ಗ ಚಲೋನ ಇದ್ದೂರಿ. ಅವನ ಕಾಲ ಜಾರಿತು" ಎಂದುಬಿಟ್ಟರು. ಮಸ್ತಾನಸಾಬನ ಹೆಂಡತಿ ಕೂಸನ್ನು ಎತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. "ಯಾರರ ನೋಡೀರೇನು?" ಎಂದು ಅಧಿಕಾರಿ ಕೇಳಿದರು. ಓಣಿಯವರೆಲ್ಲ ತಲೆ ತಗ್ಗಿಸಿದರು. ನನ್ನ ಗಂಡನೂ ಅಷ್ಟೇ. ನೂಲಿನ ಚಿಂತೆ ಎಲ್ಲರಿಗೂ ಇತ್ತು.

ಪರ ಗಂಡಸರೆದುರು ಎಂದೂ ಮಾತಾಡದ ಅತ್ತೆ ಬಾಗಿಲ ಮರೆಯಿಂದಲೇ ಹೇಳಿದರು: "ಸುಳ್ಳರಿ ಸಾಹೇಬ್ರ. ಹಗ್ಗ ಹಳೇವು ಅದಾವು, ಬ್ಯಾರೆ ತರಸ್ರಿ ಅಂತ ಗೌಂಡಿ ಕೇಳ್ಕೊಂಡಿದ್ದ. ನನ್ನ ಕಿವೀಲೆ ಕೇಳೀನಿ."

ಅಂದೇ ಕೆಲಸ ನಿಂತಿತು. ಪರವಾನಗಿ ಬಂದು, ಹೊಸ ಹಗ್ಗ ಬಿಗಿದು, ಅಧಿಕಾರಿ ಪರೀಕ್ಷಿಸಿದ ಮೇಲೆಯೇ ಮತ್ತೆ ಶುರುವಾಯಿತು. ಗೌಂಡಿಯ ದವಾಖಾನೆಯ ಖರ್ಚು ಸಾವ್ಕಾರರ ಮೇಲೆ ಬಿತ್ತು. ನಮಗೆ ಮಾತ್ರ ನೂಲು ಬರುವುದು ನಿಂತಿತು. ಬೇರೆ ವ್ಯಾಪಾರಿ ಸಿಗುವವರೆಗೂ ಮಗ್ಗ ಸುಮ್ಮನಿತ್ತು, ಒಂದೇ ಹೊತ್ತು ಒಲೆ ಹಚ್ಚಿದ ದಿನಗಳೂ ಇದ್ದವು.

ಆಗೊಮ್ಮೆ ಕೇಳಿದೆ: "ಅತ್ತಿ, ಹಿಂಗ ಆಗತೈತಿ ಅಂತ ನಿಮಗ ಗೊತ್ತಿರಲಿಲ್ಲೇನ್ರಿ?"

"ಗೊತ್ತಿತ್ತವಾ. ಆದ್ರ ಕೂಸು ಎತ್ಕೊಂಡು ನಿಂತ ಆ ಹುಡುಗಿ ನಮ್ಮ ಬಾಗಲಾನ ನೋಡಾಕತ್ತಿದ್ಲು" ಎಂದರು.

ಅತ್ತೆ ಈಗಿಲ್ಲ. ಅಂದು ಅವರ ಬೆನ್ನ ಹಿಂದೆಯೇ ನಿಂತಿದ್ದವಳು ನಾನು. ಮಾತು ಮುಗಿಯುವವರೆಗೂ ಅವರು ಬೀಳದಂತೆ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದರು. ಅದನ್ನು ನೋಡಿದ್ದು ನಾನೊಬ್ಬಳೇ.